‘ಇವರು ಇಂಥವರು’ ಎಂದು ಮನಸ್ಸು ಮೊದಲೇ ತೀರ್ಮಾನಿಸುತ್ತದೆ: ಅದನ್ನು ತಡೆಯಲು ನಮ್ಮಿಂದ ಸಾಧ್ಯವೇ?

“ಊರಾಗ ಮಕ್ಕಳ ಕಳ್ಳರು ಬಂದಾರ. ಹರಕು ಅರಿವಿ ಹಾಕ್ಕೊಂಡು ಭಿಕ್ಷಾ ಬೇಡಾಕ ಬರ್ತಾರ. ಮಾತು ನಮ್ಮ ಕಡೇದಲ್ಲ. ಲಗೂನ ಎಲ್ಲಾ ಗ್ರೂಪಿಗೂ ಕಳಿಸ್ರಿ.”

ಬಾಗಲಕೋಟೆಯಲ್ಲಿರಲಿ, ಬಾದಾಮಿಯಲ್ಲಿರಲಿ, ಇಂಥದ್ದೊಂದು ಮೆಸೇಜ್ ನಿಮ್ಮ ಫೋನಿಗೂ ಒಮ್ಮೆಯಾದರೂ ಬಂದಿರಬಹುದು. ಅದನ್ನು ಇನ್ನೊಮ್ಮೆ ಓದಿ ನೋಡಿ. ಯಾವ ಮಗು, ಯಾವ ಊರು, ಯಾವ ದಿನ, ಯಾವ ಪೊಲೀಸ್ ಠಾಣೆ? ಒಂದೂ ಇಲ್ಲ. ಇರುವುದು ಮೂರೇ ಗುರುತು: ಬಟ್ಟೆ, ಬಡತನ, ಮಾತು. ಅಂದರೆ ಈ ಮೆಸೇಜ್ ಕಳ್ಳರ ಬಗ್ಗೆ ಏನನ್ನೂ ಹೇಳುವುದಿಲ್ಲ. ನಮ್ಮಂತೆ ಕಾಣದವರನ್ನು ಅನುಮಾನಿಸಿ ಎಂದಷ್ಟೇ ಹೇಳುತ್ತದೆ. ಆದರೂ ನಮ್ಮ ಬೆರಳು ಫಾರ್ವರ್ಡ್ ಗುಂಡಿಯ ಕಡೆಗೆ ಹೋಗುತ್ತದೆ.

ಬಣ್ಣ, ಮುಖಚಹರೆ, ಜಾತಿ, ಭಾಷೆ ನೋಡಿ ಮನುಷ್ಯರನ್ನು ಮೊದಲೇ ಅಳೆದುಬಿಡುವುದಕ್ಕೆ ಪೂರ್ವಗ್ರಹ ಎನ್ನುತ್ತೇವೆ. ಇದರ ಬಗ್ಗೆ ಎರಡು ಮಾತು ಬಹಳ ಓಡಾಡುತ್ತವೆ. ಒಂದು, “ಅದು ರಕ್ತದಾಗ ಬಂದದ್ದು, ಏನೂ ಮಾಡಾಕ ಆಗೂದಿಲ್ಲ.” ಇನ್ನೊಂದು, “ನಾವು ಎಲ್ಲರನ್ನೂ ಒಂದೇ ತರ ನೋಡ್ತೇವ್ರಿ, ನಮ್ಮಲ್ಲಿ ಭೇದ ಇಲ್ಲ.” ಎರಡೂ ಪೂರ್ತಿ ನಿಜವಲ್ಲ. ಸಂಶೋಧನೆಗಳು ಹೇಳುವುದನ್ನು ಚಿಕ್ಕದಾಗಿ ಹೇಳುವುದಾದರೆ ಹೀಗೆ: ಮನಸ್ಸಿಗೆ ತಟ್ಟನೆ ಬರುವ ಮೊದಲ ಯೋಚನೆ ಪೂರ್ತಿ ನಮ್ಮ ಹಿಡಿತದಲ್ಲಿಲ್ಲ. ಅದರ ನಂತರ ಕೈ, ಬಾಯಿ, ಬೆರಳು ಏನು ಮಾಡುತ್ತವೆ ಎಂಬುದು ಬಹುಮಟ್ಟಿಗೆ ನಮ್ಮ ಹಿಡಿತದಲ್ಲಿದೆ. ಹೇಗೆ ಎಂದು ಒಂದೊಂದಾಗಿ ನೋಡೋಣ.

ಜನಾಂಗದ ಪೂರ್ವಗ್ರಹ ಹೊರದೇಶದ ಸಮಸ್ಯೆಯೇ?

ಜನಾಂಗದ್ವೇಷ ಎಂದೊಡನೆ ನಮಗೆ ಅಮೆರಿಕ ನೆನಪಾಗುತ್ತದೆ. ಆದರೆ ಅದು ನಮ್ಮ ಮನೆಯಂಗಳದಲ್ಲೂ ಇದೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದಲ್ಲಿ ಸಿದ್ದಿ ಸಮುದಾಯದವರಿದ್ದಾರೆ. ಆಫ್ರಿಕಾ ಮೂಲದವರಾದರೂ ನೂರಾರು ವರ್ಷಗಳಿಂದ ಇಲ್ಲಿಯವರು. ಕನ್ನಡ, ಕೊಂಕಣಿ ಆಡುತ್ತಾರೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಇದ್ದಾರೆ. ಆದರೂ ತಮ್ಮದೇ ರಾಜ್ಯದ ಬಸ್ಸಿನಲ್ಲಿ ಅವರಿಗೆ “ಯಾವ ದೇಶ?” ಎಂಬ ಪ್ರಶ್ನೆ ಎದುರಾಗುತ್ತದೆ.

2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಹೋದರು. ನಿಮ್ಮ ಮೇಲೆ ದಾಳಿ ಆಗುತ್ತದೆ ಎಂಬ ಮೆಸೇಜ್‌ಗಳು ಅವರ ನಡುವೆ ಹರಿದಾಡಿದ್ದವು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್ಎಂಎಸ್ ಕಳಿಸುವುದನ್ನು ಕೆಲವು ದಿನ ನಿಲ್ಲಿಸಿತು. ಮೆಸೇಜ್ ಸುಳ್ಳೇ ಇರಬಹುದು. ಆದರೆ ಅದನ್ನು ನಂಬುವಷ್ಟು ಭಯ ಅವರಲ್ಲಿ ಮೊದಲೇ ಇತ್ತು. ಮುಖ ನೋಡಿ “ಚೀನಾದವರು” ಎಂದು ಕರೆಸಿಕೊಂಡವರಿಗೆ, ಆಪತ್ತು ಬಂದಾಗ ಊರು ತಮ್ಮ ಪರ ನಿಲ್ಲುತ್ತದೆ ಎಂಬ ಧೈರ್ಯ ಎಲ್ಲಿಂದ ಬರಬೇಕು?

2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನ್ ದೇಶದ ವ್ಯಕ್ತಿಯೊಬ್ಬರ ಕಾರು ಮಹಿಳೆಯೊಬ್ಬರ ಪ್ರಾಣ ತೆಗೆಯಿತು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಜನರ ಗುಂಪು ಹಲ್ಲೆ ಮಾಡಿತು. ದೇಶ ಬೇರೆ, ಕಾರು ಬೇರೆ, ಆಕೆಗೂ ಆ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಗುಂಪಿಗೆ ಕಂಡದ್ದು ಚರ್ಮದ ಬಣ್ಣ ಮಾತ್ರ. ಪೂರ್ವಗ್ರಹ ಕೆಲಸ ಮಾಡುವ ರೀತಿಯೇ ಇದು. ಒಬ್ಬ ಮಾಡಿದ್ದು ಅವನಂತೆ ಕಾಣುವ ಎಲ್ಲರ ತಲೆಗೆ ಬರುತ್ತದೆ.

‘ಹುಟ್ಟಿನಿಂದಲೇ ಕಳ್ಳರು’ ಎಂದ ಕಾನೂನು

ಇನ್ನು ನಮ್ಮ ಜಿಲ್ಲೆಗೆ ಬರೋಣ. ಬಾಗಲಕೋಟೆ 1997ರವರೆಗೆ ಬಿಜಾಪುರ ಜಿಲ್ಲೆಯ ಭಾಗವಾಗಿತ್ತು. ಬ್ರಿಟಿಷರ ಕಾಲದಲ್ಲಿ ಅದು ಮುಂಬೈ ಪ್ರಾಂತಕ್ಕೆ ಸೇರಿತ್ತು. 1871ರಲ್ಲಿ ಬ್ರಿಟಿಷ್ ಸರ್ಕಾರ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ಎಂಬ ಕಾಯ್ದೆ ತಂದಿತು. 1911ರ ಕಾಯ್ದೆ ಅದನ್ನು ಇಡೀ ಬ್ರಿಟಿಷ್ ಇಂಡಿಯಾಕ್ಕೆ ವಿಸ್ತರಿಸಿತು. ಕೆಲವು ಸಮುದಾಯಗಳಲ್ಲಿ ಹುಟ್ಟಿದವರೆಲ್ಲ ಅಪರಾಧಿಗಳು ಎಂದು ಭಾವಿಸಿದ ಕಾನೂನು ಇದು. ತಪ್ಪು ಮಾಡಬೇಕೆಂದೇ ಇಲ್ಲ, ಆ ಕುಲದಲ್ಲಿ ಹುಟ್ಟಿದರೆ ಸಾಕು. ಠಾಣೆಯಲ್ಲಿ ಹಾಜರಿ ಹಾಕಬೇಕು, ಊರು ಬಿಡಲು ಅನುಮತಿ ಬೇಕು. ನಮ್ಮ ಭಾಗದಲ್ಲಿ ಹರಣಶಿಕಾರಿ, ಘಂಟಿಚೋರ, ಛಪ್ಪರಬಂದ್ ಮುಂತಾದ ಸಮುದಾಯಗಳು ಈ ಪಟ್ಟಿಗೆ ಬಿದ್ದವು. ಘಂಟಿಚೋರ ಎಂಬ ಹೆಸರನ್ನೇ ನೋಡಿ, ಜಾತಿಯ ಹೆಸರಿನಲ್ಲೇ ‘ಚೋರ’ ಎಂದು ಬರೆದಿದೆ. ಹುಬ್ಬಳ್ಳಿ, ಗದಗ, ಬಿಜಾಪುರ, ಸೊಲ್ಲಾಪುರಗಳಲ್ಲಿ ತಂತಿ ಬೇಲಿಯೊಳಗೆ ಈ ಕುಟುಂಬಗಳನ್ನು ಇರಿಸಿದರು. ಹುಬ್ಬಳ್ಳಿಯ ಆ ಜಾಗಕ್ಕೆ ಇಂದಿಗೂ ‘ಸೆಟ್ಲಮೆಂಟ್’ ಎಂದೇ ಹೆಸರು.

1952ರ ಆಗಸ್ಟ್ 31ರಂದು ಆ ಕಾಯ್ದೆ ರದ್ದಾಯಿತು. ಆ ಸಮುದಾಯಗಳು ‘ವಿಮುಕ್ತ’ ಎನಿಸಿಕೊಂಡವು. ಆದರೆ ಕಾಗದದಿಂದ ಹೋದದ್ದು ತಲೆಯಿಂದ ಅಷ್ಟು ಬೇಗ ಹೋಗುವುದಿಲ್ಲ. 2024ರ ಅಕ್ಟೋಬರ್‌ನಲ್ಲೂ ಸುಪ್ರೀಂ ಕೋರ್ಟ್, ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ಮತ್ತು ವಿಮುಕ್ತ ಸಮುದಾಯದವರನ್ನು ಅಪರಾಧ ಪ್ರವೃತ್ತಿಯವರೆಂದು ನೋಡುವ ನಿಯಮಗಳನ್ನು ತೆಗೆದುಹಾಕಲು ಆದೇಶಿಸಬೇಕಾಯಿತು.

ಈಗ ಆರಂಭದ ಮೆಸೇಜಿಗೆ ಮರಳಿ. ಹರಕು ಬಟ್ಟೆ, ಭಿಕ್ಷೆ, ಬೇರೆ ಮಾತು: ಇವು ಅಲೆಮಾರಿಗಳ ಗುರುತುಗಳು. 2018ರ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂದು ಐವರನ್ನು ಹೊಡೆದು ಕೊಂದರು. ಅವರು ಭಿಕ್ಷೆ ಬೇಡುತ್ತ ಊರೂರು ತಿರುಗುವ ಸಮುದಾಯದವರು. ಹೆಚ್ಚಿನವರು ನಮ್ಮ ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯ ಮಂಗಳವೇಡೆ ಕಡೆಯವರು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಕೂಲಿಯೊಬ್ಬರನ್ನು ಇದೇ ಅನುಮಾನದ ಮೇಲೆ ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಬಳಿ, ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರ್ ಒಬ್ಬರು ಜನರ ಗುಂಪಿನ ಕೈಯಲ್ಲಿ ಸತ್ತರು. ಅವರ ಜೊತೆಗಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಗಿತ್ತು. ವಾಟ್ಸಾಪ್ ಗ್ರೂಪಿನ ಅಡ್ಮಿನ್ ಸೇರಿ ಹಲವರನ್ನು ಪೊಲೀಸರು ಬಂಧಿಸಿದರು.

ಹಾಗಾಗಿ ಪೂರ್ವಗ್ರಹದ ಮಾತು ಬರೀ ಒಳ್ಳೆಯ ಗುಣ, ಕೆಟ್ಟ ಗುಣದ ಮಾತಲ್ಲ. ಕೆಲವರಿಗೆ ಅದು ಸಂತೆಗೆ ಹೋದವರು ಜೀವಂತ ಮನೆಗೆ ಬರುತ್ತಾರೋ ಇಲ್ಲವೋ ಎಂಬ ಪ್ರಶ್ನೆ.

ಮೆದುಳು ಏನು ಮಾಡುತ್ತದೆ?

ಮೆದುಳು ಪ್ರತಿಯೊಂದನ್ನೂ ಹೊಸದಾಗಿ ನೋಡುತ್ತ ಕೂರುವುದಿಲ್ಲ. ಕಂಡದ್ದನ್ನು ಗುಂಪು ಮಾಡಿ ಇಡುತ್ತದೆ. ಹಗ್ಗವೋ ಹಾವೋ ಎಂದು ಮೊದಲು ತೀರ್ಮಾನಿಸಿ ಆಮೇಲೆ ಯೋಚಿಸುತ್ತದೆ. ಇದರಿಂದ ನಮ್ಮ ಜೀವ ಉಳಿಯುತ್ತದೆ. ಆದರೆ ಮನುಷ್ಯರನ್ನೂ ಅದು ಹೀಗೇ ಗುಂಪು ಮಾಡುತ್ತದೆ. ಯಾವ ಗುಂಪಿಗೆ ಯಾವ ಹಣೆಪಟ್ಟಿ ಎಂಬುದನ್ನು ಮಾತ್ರ ಹುಟ್ಟುತ್ತಲೇ ತರುವುದಿಲ್ಲ. ಮನೆಯ ಮಾತು, ಗಾದೆ, ಸಿನಿಮಾ, ಕಟ್ಟೆಯ ಹರಟೆ, ಈಗ ಫೋನು, ಇವುಗಳಿಂದ ಕಲಿಯುತ್ತದೆ.

1989ರಲ್ಲಿ ಅಮೆರಿಕದ ಮನೋವಿಜ್ಞಾನಿ ಪೆಟ್ರೀಷಿಯಾ ಡಿವೈನ್ ಒಂದು ಮುಖ್ಯ ಸಂಗತಿಯನ್ನು ತೋರಿಸಿದರು. ಕಪ್ಪು ಜನರ ಬಗ್ಗೆ ಸಮಾಜದಲ್ಲಿರುವ ಹಣೆಪಟ್ಟಿಗಳು ಯಾವುವು ಎಂಬುದು ಪೂರ್ವಗ್ರಹ ಹೆಚ್ಚಿರುವ ಬಿಳಿಯರಿಗೂ ಗೊತ್ತಿತ್ತು, ಕಡಿಮೆ ಇರುವವರಿಗೂ ಗೊತ್ತಿತ್ತು. ಯೋಚಿಸಲು ಸಮಯ ಇಲ್ಲದಾಗ ಆ ಹಣೆಪಟ್ಟಿ ಇಬ್ಬರ ಮನಸ್ಸಿನಲ್ಲೂ ತಾನಾಗಿ ಏಳುತ್ತಿತ್ತು. ವ್ಯತ್ಯಾಸ ಇದ್ದದ್ದು ನಂತರದ ಹೆಜ್ಜೆಯಲ್ಲಿ. ಪೂರ್ವಗ್ರಹ ಕಡಿಮೆ ಇರುವವರು ಅದನ್ನು ತಡೆದು, ತಾವು ನಿಜವಾಗಿ ನಂಬಿದ್ದನ್ನು ಮುಂದಿಡುತ್ತಿದ್ದರು. ಅಂದರೆ ಹಣೆಪಟ್ಟಿ ಅಭ್ಯಾಸದಂತೆ, ನಂಬಿಕೆ ಆಯ್ಕೆಯಂತೆ.

ನಮ್ಮಲ್ಲಿ ಇದಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ. ಹುನಗುಂದ ತಾಲೂಕಿನ ಕೂಡಲಸಂಗಮ ಬಸವಣ್ಣನವರ ಐಕ್ಯಸ್ಥಳ. ಜಾತಿ ಕೇಳಬೇಡಿ ಎಂಬ ಮಾತು ನಮ್ಮ ನೆಲದಲ್ಲಿ 12ನೇ ಶತಮಾನದಲ್ಲೇ ಹುಟ್ಟಿತು. ವಚನ ಬಾಯಿಪಾಠ ಬರುವ ಮನೆಗಳು ಇಲ್ಲಿ ಎಷ್ಟೋ ಇವೆ. ಆದರೂ ಬಾಗಲಕೋಟೆಯ ನವನಗರದಲ್ಲಿ ಬಾಡಿಗೆ ಮನೆ ಹುಡುಕುವ ವಿದ್ಯಾರ್ಥಿಗಳನ್ನು ಕೇಳಿ ನೋಡಿ, “ನೀವು ಯಾವ ಪೈಕಿರಿ?” ಎಂಬ ಪ್ರಶ್ನೆ ಎದುರಾಗದವರು ಎಷ್ಟು ಜನ? ಕೇಳುವವರಲ್ಲಿ ಎಲ್ಲರೂ ಕೆಟ್ಟವರೇನಲ್ಲ. ಅವರ ನಂಬಿಕೆ ಒಂದು ಕಡೆ ಇದೆ, ಅಭ್ಯಾಸ ಇನ್ನೊಂದು ಕಡೆ ಇದೆ.

‘ಹಾಗೆ ಯೋಚಿಸಲೇಬಾರದು’ ಎಂದುಕೊಂಡರೆ ಸಾಕೇ?

ಸಾಲದು. ಒಮ್ಮೊಮ್ಮೆ ತಿರುಗುಬಾಣವೂ ಆಗುತ್ತದೆ. ಮಂಗನನ್ನು ನೆನೆಯದೆ ಔಷಧಿ ಕುಡಿ ಎಂದರೆ ಮಂಗನೇ ನೆನಪಿಗೆ ಬರುವ ಕತೆ ಗೊತ್ತಲ್ಲ? 1994ರಲ್ಲಿ ಬ್ರಿಟನ್ನಿನಲ್ಲಿ ನೀಲ್ ಮೆಕ್ರೇ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ತಲೆ ಬೋಳಿಸಿದ, ಪುಂಡನೆಂದು ಜನ ಭಾವಿಸುವ ಯುವಕನ ಫೋಟೊ ತೋರಿಸಿ ಅವನ ಒಂದು ದಿನದ ಬಗ್ಗೆ ಬರೆಯಲು ಹೇಳಿದರು. ಕೆಲವರಿಗೆ ಮಾತ್ರ, ಹಣೆಪಟ್ಟಿ ಹಚ್ಚಿ ಯೋಚಿಸಬೇಡಿ ಎಂದು ಸೂಚಿಸಿದರು. ಅವರು ಮೊದಲ ಬರಹದಲ್ಲಿ ಎಚ್ಚರಿಕೆಯಿಂದ ಬರೆದರು. ಆದರೆ ಎರಡನೇ ಫೋಟೊ ಬಂದಾಗ ಉಳಿದವರಿಗಿಂತ ಹೆಚ್ಚು ಹಣೆಪಟ್ಟಿ ಹಚ್ಚಿದರು. ಇನ್ನೊಂದು ಪ್ರಯೋಗದಲ್ಲಿ ಅಂಥ ಯುವಕ ಕೂರಬೇಕಿದ್ದ ಕುರ್ಚಿಯಿಂದ ಹೆಚ್ಚು ದೂರ ಕುಳಿತರು.

ಹಾಗಾದರೆ ತರಬೇತಿ? 2016ರಲ್ಲಿ ಕ್ಯಾಲ್ವಿನ್ ಲೈ ಮತ್ತು ಸಂಗಡಿಗರು, ಒಳಮನಸ್ಸಿನ ಪಕ್ಷಪಾತವನ್ನು ಕೂಡಲೇ ತಗ್ಗಿಸುವಂಥ ಒಂಬತ್ತು ವಿಧಾನಗಳನ್ನು ಪರೀಕ್ಷಿಸಿದರು. ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಎಲ್ಲದರ ಪರಿಣಾಮವೂ ಅಳಿಸಿಹೋಗಿತ್ತು. 2019ರಲ್ಲಿ 492 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ಪರೀಕ್ಷೆಯ ಅಂಕ ಬದಲಾದ ಮಾತ್ರಕ್ಕೆ ಜನರ ನಡತೆ ಬದಲಾಗುತ್ತದೆ ಎನ್ನಲು ಆಧಾರ ಸಿಗಲಿಲ್ಲ. ‘ಐದು ನಿಮಿಷದಲ್ಲಿ ನಿಮ್ಮ ಪೂರ್ವಗ್ರಹ ಅಳೆಯಿರಿ’ ಎಂಬ ಆನ್‌ಲೈನ್ ಪರೀಕ್ಷೆ ಮಾಡಿಕೊಂಡು ಸಂತೋಷಪಡುವುದೂ ಬೇಡ, ಎದೆಗುಂದುವುದೂ ಬೇಡ. ಒಬ್ಬ ವ್ಯಕ್ತಿಯ ಅಂಕ ಇಂದಿಗೂ ನಾಳೆಗೂ ಏರುಪೇರಾಗುತ್ತದೆ.

ಮನಸ್ಸು ತಪ್ಪಿದರೂ ಕೈ ತಪ್ಪದಂತೆ ಮಾಡಬಹುದು

ನಿಜವಾದ ಆಶಾದಾಯಕ ಸಂಗತಿ ಇಲ್ಲಿದೆ. ಭಾರತದ ಒಂದು ನಗರದಲ್ಲಿ ರೀಮಾ ಹನ್ನಾ ಮತ್ತು ಲೀ ಲಿಂಡೆನ್ ಮಕ್ಕಳಿಗೆ ಪರೀಕ್ಷೆ ನಡೆಸಿ, ಉತ್ತರ ಪತ್ರಿಕೆಗಳ ಮೇಲೆ ಬೇರೆ ಬೇರೆ ಜಾತಿಯನ್ನು ಚೀಟಿ ಎತ್ತಿದಂತೆ ಬರೆದು ಶಿಕ್ಷಕರಿಗೆ ತಿದ್ದಲು ಕೊಟ್ಟರು. 2012ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಕೆಳಜಾತಿ ಎಂದು ಬರೆದ ಪತ್ರಿಕೆಗಳಿಗೆ ತುಸು ಕಡಿಮೆ ಅಂಕ ಬಿದ್ದಿತ್ತು. ಅಚ್ಚರಿಯೆಂದರೆ ಹಾಗೆ ಕಡಿಮೆ ಅಂಕ ಕೊಟ್ಟವರು ಮುಖ್ಯವಾಗಿ ಅದೇ ಸಮುದಾಯಗಳಿಂದ ಬಂದ ಶಿಕ್ಷಕರು. ಹಣೆಪಟ್ಟಿಯನ್ನು ಯಾರ ಮೇಲೆ ಹಚ್ಚಿದ್ದಾರೋ ಅವರೂ ಅದನ್ನು ಕಲಿತುಬಿಡುತ್ತಾರೆ.

2007ರಲ್ಲಿ ಪ್ರಕಟವಾದ ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಅಧ್ಯಯನದಲ್ಲಿ ಖಾಸಗಿ ಕಂಪನಿಗಳಿಗೆ ಒಂದೇ ಓದು, ಒಂದೇ ಅರ್ಹತೆಯ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಕಳಿಸಲಾಯಿತು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರನೇ ಎರಡರಷ್ಟಿತ್ತು. ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟಿತ್ತು.

ಎಸ್ಎಸ್ಎಲ್‌ಸಿ ಉತ್ತರ ಪತ್ರಿಕೆಯಲ್ಲಿ ಹೆಸರು ಬರೆಯಬಾರದು, ನೋಂದಣಿ ಸಂಖ್ಯೆ ಮಾತ್ರ ಎಂಬ ನಿಯಮ ಏಕಿದೆ ಎಂದು ಈಗ ಹೊಳೆಯಿತೇ? ತಿದ್ದುವವರ ಮನಸ್ಸು ಶುದ್ಧವಾಗುವವರೆಗೆ ಮಕ್ಕಳು ಕಾಯಬೇಕಿಲ್ಲ. ಜಾತಿಯ ಗುರುತೇ ಕಣ್ಣಿಗೆ ಬೀಳದಿದ್ದರೆ ಪೂರ್ವಗ್ರಹಕ್ಕೆ ಹಿಡಿಯಲು ಕೊಂಬೆಯೇ ಇರುವುದಿಲ್ಲ.

ಕಾನೂನೂ ಇದೇ ಕೆಲಸ ಮಾಡುತ್ತದೆ. ಇಳಕಲ್ಲಿಗೆ ಹತ್ತಿರದ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ದಲಿತ ಕುಟುಂಬದ ಎರಡು ವರ್ಷದ ಮಗು ದೇವಸ್ಥಾನದೊಳಗೆ ಓಡಿತು. ಶುದ್ಧಿ ಮಾಡಿಸಲು ಹಣ ಕಟ್ಟಿ ಎಂದು ಕೆಲವರು ಕುಟುಂಬವನ್ನು ಒತ್ತಾಯಿಸಿದರು. ಪ್ರಕರಣ ದಾಖಲಾಗಿ ಬಂಧನವೂ ಆಯಿತು. ಮುಂದಿನ ವರ್ಷ ರಾಜ್ಯ ಸರ್ಕಾರ ಅಸ್ಪೃಶ್ಯತೆ ವಿರುದ್ಧ ‘ವಿನಯ ಸಾಮರಸ್ಯ’ ಯೋಜನೆ ತಂದಿತು. ಕಾನೂನಿನ ಭಯದಿಂದ ಸುಮ್ಮನಾದವರ ಮನಸ್ಸು ಅದೇ ದಿನ ಬದಲಾಗಿರಲಿಕ್ಕಿಲ್ಲ. ಆದರೆ ಆ ಊರಿನ ಮುಂದಿನ ಮಗುವಿಗೆ, ತನ್ನನ್ನು ತಡೆಯುವ ಕೈ ಹಿಂದೆ ಸರಿಯುವುದು ಇಂದೇ ಬೇಕು.

ಒಂದೇ ತಂಡದಲ್ಲಿ ಆಡಿದರೆ?

ಮನಸ್ಸು ಬದಲಾಗುವುದೇ ಇಲ್ಲವೇ? ಆಗುತ್ತದೆ, ನಿಧಾನವಾಗಿ. ಅದಕ್ಕೆ ಉಪದೇಶಕ್ಕಿಂತ ಒಡನಾಟ ಹೆಚ್ಚು ಕೆಲಸ ಮಾಡುತ್ತದೆ. 1954ರಲ್ಲೇ ಗಾರ್ಡನ್ ಆಲ್‌ಪೋರ್ಟ್ ಇದಕ್ಕೆ ನಾಲ್ಕು ಷರತ್ತು ಹೇಳಿದ್ದರು: ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ, ಹಿರಿಯರ ಅಥವಾ ಸಂಸ್ಥೆಯ ಬೆಂಬಲ.

ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಇದನ್ನು ಕ್ರಿಕೆಟ್ ಮೂಲಕ ಪರೀಕ್ಷಿಸಿದರು. ಬೇರೆ ಬೇರೆ ಜಾತಿಯ ಯುವಕರನ್ನು ಒಂದೇ ತಂಡದಲ್ಲಿ ಹಾಕಿದಾಗ ಜಾತಿ ಮೀರಿದ ಗೆಳೆತನ ಹೆಚ್ಚಿತು. ಎದುರಾಳಿ ತಂಡಗಳಾಗಿ ಆಡಿದಾಗ ಆ ಲಾಭ ಕಾಣಲಿಲ್ಲ, ಕೆಲವು ವಿಷಯಗಳಲ್ಲಿ ಸಂಬಂಧ ಇನ್ನಷ್ಟು ಹದಗೆಟ್ಟಿತು. ದೆಹಲಿಯ ಖಾಸಗಿ ಶಾಲೆಗಳಲ್ಲಿ ಗೌತಮ್ ರಾವ್ ನಡೆಸಿದ ಅಧ್ಯಯನದಲ್ಲಿ, ಬಡ ಮಕ್ಕಳ ಜೊತೆ ಓದಿದ ಶ್ರೀಮಂತ ಮಕ್ಕಳು ಬಡವರ ಬಗ್ಗೆ ಕಡಿಮೆ ಭೇದ ತೋರಿದರು.

ಒಂದೇ ಊರಿನಲ್ಲಿ ಇದ್ದ ಮಾತ್ರಕ್ಕೆ ಇದು ಆಗುವುದಿಲ್ಲ. ಇಳಕಲ್ ಸೀರೆಯ ಕೆಲಸದಲ್ಲಿ ಹಲವು ಸಮುದಾಯಗಳ ಕೈಗಳಿವೆ. ಒಬ್ಬ ಮಾಲೀಕ, ಇನ್ನೊಬ್ಬ ಕೂಲಿ ಎಂದೇ ನಡೆಯುವ ಒಡನಾಟ ಸಮಾನರ ಒಡನಾಟವಲ್ಲ. ಜಾತ್ರೆಯ ಕಮಿಟಿಯಲ್ಲಿ, ಸ್ವಸಹಾಯ ಸಂಘದಲ್ಲಿ, ಕಬಡ್ಡಿ ತಂಡದಲ್ಲಿ, ಒಂದೇ ಬೆಂಚಿನಲ್ಲಿ ಜೊತೆಯಾದಾಗ ಬೇರೆಯದೇ ಪರಿಣಾಮ.

ಇಳಕಲ್ಲಿನ ಜೋಳಿಗೆ ಹೇಳುವ ಪಾಠ

ಪೂರ್ವಗ್ರಹವನ್ನು ಚಟದಂತೆ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ‘ಮಹಾಂತ ಜೋಳಿಗೆ’ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ. ಚಟ ಬಿಟ್ಟವರನ್ನು ಕೇಳಿ, ಜೋಳಿಗೆಗೆ ಹಾಕಿದ ಮರುದಿನವೂ ಆಸೆ ಬರುತ್ತದೆ ಎನ್ನುತ್ತಾರೆ. ಬಿಟ್ಟವರು ಎಂದರೆ ಆಸೆಯೇ ಬಾರದವರಲ್ಲ, ಬಂದಾಗ ಕೈ ಚಾಚದವರು.

ಡಿವೈನ್ ತಂಡ ಕೂಡ ಪೂರ್ವಗ್ರಹವನ್ನು ಅಭ್ಯಾಸ ಬಿಡಿಸುವ ರೀತಿಯಲ್ಲೇ ತಿದ್ದಲು ಯತ್ನಿಸಿತು. 2012ರ ಮೊದಲ ಪ್ರಯೋಗದಲ್ಲಿ ಒಳಮನಸ್ಸಿನ ಪಕ್ಷಪಾತ ತಗ್ಗಿದಂತೆ ಕಂಡಿತು. 2017ರಲ್ಲಿ ಇನ್ನಷ್ಟು ಜನರ ಮೇಲೆ ಮಾಡಿದಾಗ ಆ ಅಂಕದಲ್ಲಿ ವಿಶೇಷ ವ್ಯತ್ಯಾಸ ಕಾಣಲಿಲ್ಲ. ಆದರೆ ತರಬೇತಿ ಪಡೆದವರು ಭೇದವನ್ನು ಹೆಚ್ಚು ಗುರುತಿಸಿದರು. ಅವರಲ್ಲಿ ಕೆಲವರನ್ನು ಎರಡು ವರ್ಷದ ನಂತರ ಪರೀಕ್ಷಿಸಿದಾಗಲೂ, ಹಣೆಪಟ್ಟಿ ಹಚ್ಚುವ ಬರಹಕ್ಕೆ ಉಳಿದವರಿಗಿಂತ ಹೆಚ್ಚಾಗಿ ಆಕ್ಷೇಪ ಎತ್ತಿದರು. ಆಸೆ ಹೋಗದಿದ್ದರೂ ಕೈ ಬದಲಾಯಿತು.

ನೀವು ಮಾಡಬಹುದಾದ್ದು

ಮೊದಲನೆಯದು, “ಹೀಗಾದರೆ ಹೀಗೆ” ಎಂಬ ನಿಯಮ. “ಒಳ್ಳೆಯವನಾಗುತ್ತೇನೆ” ಎಂಬ ಸಂಕಲ್ಪಕ್ಕಿಂತ “ಮೆಸೇಜಿನಲ್ಲಿ ಜಾತಿ, ಬಣ್ಣ, ಧರ್ಮದ ಹೆಸರು ಕಂಡರೆ ಕಳಿಸುವ ಮೊದಲು ಹತ್ತು ನಿಮಿಷ ಬಿಡುತ್ತೇನೆ” ಎಂಬ ನಿಯಮ ಸುಲಭ.

ಎರಡನೆಯದು, ಹೆಸರು ಬದಲಿಸಿ ಓದಿ. ಆ ಮೆಸೇಜಿನಲ್ಲಿರುವ ಸಮುದಾಯದ ಜಾಗದಲ್ಲಿ ನಿಮ್ಮ ಸಮುದಾಯದ ಹೆಸರು ಹಾಕಿ. ಆಗ ನಿಮಗೆ ಪುರಾವೆ ಬೇಕೆನಿಸಿದರೆ ಈಗಲೂ ಬೇಕು.

ಮೂರನೆಯದು, ಗುಂಪಿನ ಬದಲು ಮನುಷ್ಯರನ್ನು ನೋಡಿ. ಬಾದಾಮಿಯ ಗುಹೆ ನೋಡಲು ಬಂದ ಈಶಾನ್ಯದ ಹುಡುಗಿಯನ್ನು ದುರುಗುಟ್ಟಿ ನೋಡುವ ಬದಲು “ಯಾವ ಊರ್ರೀ, ಏನು ಓದಾಕತ್ತೀರಿ?” ಎಂದು ಮಾತಾಡಿಸಿ. ಒಂದು ವಿವರ ಗೊತ್ತಾದರೂ ಹಣೆಪಟ್ಟಿಯ ಹಿಡಿತ ಸಡಿಲವಾಗುತ್ತದೆ.

ನಾಲ್ಕನೆಯದು, ಗುಂಡಿಯನ್ನೇ ಬಿಗಿ ಮಾಡಿ. 2018ರ ಕೊಲೆಗಳ ನಂತರ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸಿತು. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ಕೈ ಬದಲಿಸಿದ ಮೆಸೇಜನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸುವಂತೆ ಮಾಡಿತು. ಅಂಥ ಮೆಸೇಜ್‌ಗಳ ಓಡಾಟ ಶೇ 70ರಷ್ಟು ತಗ್ಗಿತು ಎಂದು ಕಂಪನಿಯೇ ಹೇಳಿತು. ಅಷ್ಟರಲ್ಲಿ ಕೋಟ್ಯಂತರ ಜನರ ಮನಸ್ಸು ಬದಲಾಗಿರಲಿಲ್ಲ, ಗುಂಡಿ ಬದಲಾಗಿತ್ತು. ನೀವು ಗ್ರೂಪಿನ ಅಡ್ಮಿನ್ ಆಗಿದ್ದರೆ, ಗಾಳಿಸುದ್ದಿ ಹಬ್ಬಿದ ದಿನ ‘ಅಡ್ಮಿನ್‌ಗಳು ಮಾತ್ರ ಮೆಸೇಜ್ ಕಳಿಸಬಹುದು’ ಎಂಬ ಸೆಟ್ಟಿಂಗ್ ಹಾಕಬಹುದು.

ಐದನೆಯದು, ಯಾರ ಮೇಲಾದರೂ ನಿಜವಾಗಿಯೂ ಅನುಮಾನ ಬಂದರೆ 112ಕ್ಕೆ ಕರೆ ಮಾಡಿ. ಫೋಟೊ ತೆಗೆದು ಗ್ರೂಪಿಗೆ ಹಾಕಬೇಡಿ. ಪೊಲೀಸರು ಬಂದು ವಿಚಾರಿಸಿದರೆ ತಪ್ಪು ಅನುಮಾನವನ್ನು ತಿದ್ದಲು ಸಮಯ ಸಿಗುತ್ತದೆ. ಐವತ್ತು ಜನ ಕಲ್ಲು ಹಿಡಿದು ಬಂದರೆ ಸಿಗುವುದಿಲ್ಲ.

ಹಾಗಾಗಿ ಪೂರ್ವಗ್ರಹ ರಕ್ತದಲ್ಲಿ ಬಂದದ್ದು ಎಂಬ ಮಾತು ಸುಳ್ಳು, ಅದು ಕಲಿತದ್ದು. ನನ್ನಲ್ಲಿ ಇಲ್ಲವೇ ಇಲ್ಲ ಎಂಬುದೂ ಹೆಚ್ಚಿನವರ ಮಟ್ಟಿಗೆ ಸುಳ್ಳು. ತಟ್ಟನೆ ಬಂದ ಯೋಚನೆಗೆ ನಾಚಿಕೊಂಡು ಕೂರಬೇಕಿಲ್ಲ, ಅದನ್ನು ನಂಬಬೇಕಾಗಿಯೂ ಇಲ್ಲ. ಈ ಲೇಖನವನ್ನು ನೀವು ಫಾರ್ವರ್ಡ್ ಮಾಡಿದರೆ ನಮಗೆ ಖುಷಿ. ಮಕ್ಕಳ ಕಳ್ಳರ ಮುಂದಿನ ಮೆಸೇಜನ್ನು ಮಾಡದೇ ಇದ್ದರೆ ಇನ್ನೂ ಖುಷಿ.